ಬಾಗಿಲು, ಅಂಗಳ, ಕಣಜ: ಬಿಡಿಭಾಗಗಳಿಂದ ನಿಮ್ಮದೇ ವರ್ಚುವಲ್ ಸರ್ವರ್ ಕಟ್ಟುವ ಬಗೆ

ಶಿರಸಿಯಲ್ಲಿ ಗೆಳೆಯನೊಬ್ಬನ ಸಣ್ಣ ಪ್ರಕಾಶನವಿದೆ. ಅಲ್ಲಿನ ಪುಸ್ತಕಪಟ್ಟಿ, ಮಾರಾಟದ ಲೆಕ್ಕ, ಡಿಟಿಪಿ ಫೈಲುಗಳು, ವೆಬ್‌ಸೈಟು ಎಲ್ಲವೂ ಒಂದೇ ಹಳೆಯ ಕಂಪ್ಯೂಟರಿನಲ್ಲಿದ್ದವು. ವರ್ಷಗಟ್ಟಲೆ ಅದರ ಮೇಲೆ ಒಂದರ ಮೇಲೊಂದು ತಂತ್ರಾಂಶ ಹೇರುತ್ತ ಹೋಗಿದ್ದೆವು. ಒಂದನ್ನು ಅಪ್‌ಡೇಟ್ ಮಾಡಿದರೆ ಮತ್ತೊಂದು ಮಲಗುತ್ತಿತ್ತು. ಯಾವ ಸೆಟ್ಟಿಂಗನ್ನು ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದು ಯಾರಿಗೂ ನೆನಪಿರಲಿಲ್ಲ. ಕೊನೆಕೊನೆಗೆ ಅದನ್ನು ರೀಸ್ಟಾರ್ಟ್ ಮಾಡುವುದಕ್ಕೂ ಹೆದರುತ್ತಿದ್ದೆವು.

ಆ ಗಂಟನ್ನು ಬಿಡಿಸಿ ಮೂರು ವರ್ಚುವಲ್ ಸರ್ವರ್‌ಗಳಾಗಿ, ಅಂದರೆ ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ಕಟ್ಟಿದ ಮೂರು ಬೇರೆಬೇರೆ ಕಂಪ್ಯೂಟರುಗಳಾಗಿ (ವರ್ಚುವಲ್ ಮಷೀನ್, ಚಿಕ್ಕದಾಗಿ ವಿಎಂ) ಮತ್ತೆ ಕಟ್ಟಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ತಳದಲ್ಲಿ ವಿಎಂಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್, ಅದರ ಮೇಲೆ ಪ್ರತಿ ವಿಎಂನಲ್ಲಿ ಡೆಬಿಯನ್ ಲಿನಕ್ಸ್, ಅದರೊಳಗೆ ಒಂದೊಂದು ತಂತ್ರಾಂಶವನ್ನೂ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಡಾಕರ್, ಎಲ್ಲಕ್ಕೂ ಸೂತ್ರ ಹಿಡಿಯಲು, ಬರೆದಿಟ್ಟ ಪ್ರಕಾರ ಸರ್ವರ್ ಹೊಂದಿಸುವ ಆನ್ಸಿಬಲ್. ಎಲ್ಲವೂ ಮುಕ್ತ ತಂತ್ರಾಂಶ, ಎಲ್ಲವೂ ಪುಕ್ಕಟೆ. ಇಡೀ ಕೆಲಸದುದ್ದಕ್ಕೂ ನಾನು ಹಿಡಿದುಕೊಂಡ ನಿಯಮ ಒಂದೇ: ಯಂತ್ರವನ್ನು ಯಾವಾಗ ಬೇಕಾದರೂ ಎಸೆದು ಮತ್ತೆ ಕಟ್ಟುವಂತಿರಬೇಕು, ದತ್ತಾಂಶಕ್ಕೆ ಅದರಿಂದ ಏನೂ ಆಗಬಾರದು.

ಟರ್ಮಿನಲ್‌ನಲ್ಲಿ ನಾಲ್ಕು ಆದೇಶ ಕೊಟ್ಟು ಅಭ್ಯಾಸವಿದ್ದರೆ ಸಾಕು. ಗುಂಡಿಗಳ ಮತ್ತು ಆದೇಶಗಳ ಹೆಸರನ್ನು ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲು ಕಾಗದ, ಪೆನ್ನು

ಮೂರು ಚೌಕ ಬರೆಯಿರಿ. ನಮ್ಮ ಚೌಕಗಳಿಗೆ ನಾವು ಬಾಗಿಲು, ಅಂಗಳ, ಕಣಜ ಎಂದು ಹೆಸರಿಟ್ಟೆವು. ಹೊರಗಿನಿಂದ ಬಂದವರು ಮೊದಲು ಬಾಗಿಲು ತಟ್ಟುತ್ತಾರೆ. ಅಲ್ಲಿ ಕ್ಯಾಡಿ ಎಂಬ ವೆಬ್ ಸರ್ವರ್ ಮಾತ್ರ ಇದೆ. ಅಂಗಳದಲ್ಲಿ ವೆಬ್‌ಸೈಟು, ಲೆಕ್ಕದ ಅಪ್ಲಿಕೇಶನ್ನು, ಫೈಲು ಹಂಚಿಕೆ ನಡೆಯುತ್ತವೆ. ಕಣಜದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್. ಪ್ರತಿ ಚೌಕದ ಪಕ್ಕದಲ್ಲಿ ಮೂರು ಸಾಲು ಬರೆದುಕೊಳ್ಳಿ: ಇದು ಯಾವ ಪೋರ್ಟಿನಲ್ಲಿ (ಸಂಪರ್ಕ ಬಂದು ಸೇರುವ ಸಂಖ್ಯೆ) ಕಿವಿಗೊಡುತ್ತದೆ, ಇದರ ಜೊತೆ ಮಾತಾಡಲು ಯಾರಿಗೆ ಅನುಮತಿ, ಇದರ ದತ್ತಾಂಶ ಎಲ್ಲಿರುತ್ತದೆ. ಈ ಕಾಗದವೇ ಮುಂದೆ ನಿಮ್ಮ ಫೈರ್‌ವಾಲ್ ಆಗುತ್ತದೆ, ಬ್ಯಾಕಪ್ ಪಟ್ಟಿಯೂ ಆಗುತ್ತದೆ.

ಪ್ರತಿ ಅಪ್ಲಿಕೇಶನ್ನಿಗೂ ಒಂದೊಂದು ವಿಎಂ ಮಾಡುವ ಉತ್ಸಾಹ ಮೊದಮೊದಲು ನನಗೂ ಇತ್ತು. ಆದರೆ ಹತ್ತು ವಿಎಂ ಎಂದರೆ ಹತ್ತು ಡೆಬಿಯನ್‌ಗಳ ಆರೈಕೆ. ಯಾವುದನ್ನು ಒಟ್ಟಿಗೆ ಎಸೆಯಬಹುದೋ ಅದನ್ನು ಒಟ್ಟಿಗೆ ಇಡಿ.

ಯಂತ್ರ

ಹೊಸ ಸರ್ವರ್ ಕೊಳ್ಳುವ ಅಗತ್ಯವಿಲ್ಲ. ಕಂಪನಿಗಳು ಹಳತೆಂದು ಬಿಟ್ಟುಕೊಟ್ಟ ಚಿಕ್ಕ ಕಚೇರಿ ಪೆಟ್ಟಿಗೆಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಎಂಟನೇ ತಲೆಮಾರಿನ ಐ5, ಅಂದರೆ ಆರು ಕೋರು, ಜೊತೆಗೆ 32 ಜಿಬಿ ರ‍್ಯಾಮ್ ಇದ್ದರೆ ಧಾರಾಳವಾಯಿತು. ರ‍್ಯಾಮ್ ವಿಷಯದಲ್ಲಿ ಜಿಪುಣತನ ಬೇಡ, ಪ್ರೊಸೆಸರ್ ವಿಷಯದಲ್ಲಿ ಮಾಡಬಹುದು. ಡಿಸ್ಕ್ ಮಾತ್ರ ಹೊಸದೇ ಇರಲಿ: ವಿಎಂಗಳಿಗೆ 500 ಜಿಬಿ ಎಸ್‌ಎಸ್‌ಡಿ, ಬ್ಯಾಕಪ್‌ಗೆ ಪ್ರತ್ಯೇಕವಾಗಿ ಒಂದು ಹಾರ್ಡ್ ಡಿಸ್ಕ್.

ಬಯೋಸ್‌ಗೆ ಹೋಗಿ ಎರಡು ಕೆಲಸ ಮುಗಿಸಿ. ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬುದನ್ನು ಆನ್ ಮಾಡಿ. ಲಿನಕ್ಸ್ ಕರ್ನಲ್‌ನೊಳಗೆ ವಿಎಂ ಓಡಿಸುವ ಕೆವಿಎಂ, ಪ್ರೊಸೆಸರಿನ ಈ ಸೌಲಭ್ಯದ ಮೇಲೆಯೇ ನಿಂತಿದೆ. 2007ರ ಫೆಬ್ರವರಿಯಲ್ಲಿ ಬಂದ 2.6.20 ಆವೃತ್ತಿಯಿಂದ ಅದು ಕರ್ನಲ್‌ನ ಭಾಗ. ಎರಡನೆಯದು, ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಹೊತ್ತಿಕೊಳ್ಳುವ ಆಯ್ಕೆ. ಮಳೆಗಾಲದ ಶಿರಸಿಯಲ್ಲಿ ಇದರ ಬೆಲೆ ನನಗೆ ಚೆನ್ನಾಗಿ ಗೊತ್ತು.

ಪ್ರಾಕ್ಸ್‌ಮಾಕ್ಸ್ ಹಾಕುವುದು

ಪ್ರಾಕ್ಸ್‌ಮಾಕ್ಸ್ ವಿಯೆನ್ನಾದ ಕಂಪನಿಯೊಂದರ ತಂತ್ರಾಂಶ. 2008ರಲ್ಲಿ ಮೊದಲ ಆವೃತ್ತಿ ಬಂತು; 2025ರ ಆಗಸ್ಟಿನಲ್ಲಿ ಬಂದ 9ನೇ ಆವೃತ್ತಿ ಡೆಬಿಯನ್ 13ರ ಮೇಲೆ ಕಟ್ಟಿದ್ದು. ಐಎಸ್‌ಒ (ಸ್ಥಾಪನೆಯ ಫೈಲು) ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಬೂಟ್ ಮಾಡಿ, ಕೇಳಿದ್ದಕ್ಕೆ ಉತ್ತರ ಕೊಡುತ್ತ ಹೋದರೆ ಕಾಲು ಗಂಟೆಯ ಕೆಲಸ. ಐಪಿ ವಿಳಾಸವನ್ನು ರೂಟರ್ ಹಂಚುವ ವ್ಯಾಪ್ತಿಯ ಹೊರಗಿನದು ನೋಡಿ ಕೊಡಿ. ಫೈಲ್ ಸಿಸ್ಟಂ ಕೇಳಿದಾಗ, ಒಂದೇ ಎಸ್‌ಎಸ್‌ಡಿ ಇದ್ದರೆ ಇಎಕ್ಸ್‌ಟಿ4 ಆರಿಸಿ ಮುಂದೆ ಹೋಗಿ. ಝಡ್‌ಎಫ್‌ಎಸ್ ಒಳ್ಳೆಯದೇ, ಆದರೆ ಅದರ ನಿಜವಾದ ಲಾಭ ಸಿಗಬೇಕಾದರೆ ಜೋಡಿ ಡಿಸ್ಕ್ ಬೇಕು.

ಮುಗಿದ ಮೇಲೆ ಬೇರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ಐಪಿಯನ್ನು 8006 ಪೋರ್ಟಿನೊಂದಿಗೆ, ಎಚ್‌ಟಿಟಿಪಿಎಸ್ ಹಚ್ಚಿ ತೆರೆಯಿರಿ. ಪ್ರಮಾಣಪತ್ರದ ಬಗ್ಗೆ ಬ್ರೌಸರ್ ಗೊಣಗುತ್ತದೆ. ನಿಮ್ಮದೇ ಯಂತ್ರವಾದ್ದರಿಂದ ದಾಟಿಕೊಂಡು ಹೋಗಬಹುದು. ರಿಪಾಸಿಟರಿ ಪುಟದಲ್ಲಿ ಎಂಟರ್‌ಪ್ರೈಸ್ ಎಂದಿರುವುದನ್ನು ಆಫ್ ಮಾಡಿ, ನೋ-ಸಬ್‌ಸ್ಕ್ರಿಪ್ಷನ್ ಎಂಬುದನ್ನು ಸೇರಿಸಿ. ಹಾಗೆ ಮಾಡದಿದ್ದರೆ ಅಪ್‌ಡೇಟ್ ಕೇಳಿದಾಗಲೆಲ್ಲ ದೋಷ ಬರುತ್ತದೆ. ಲಾಗಿನ್ ಆದಾಗಲೆಲ್ಲ ಚಂದಾ ಇಲ್ಲವೆಂದು ಬರುವ ಸಂದೇಶವನ್ನು ತೆಗೆದುಹಾಕುವ ಚಳಕಗಳು ಬೇಕಾದಷ್ಟಿವೆ. ನಾನು ತೆಗೆಯುವುದಿಲ್ಲ. ಪುಕ್ಕಟೆ ಊಟ ಹಾಕಿದವರು ಒಂದು ಮಾತು ಹೇಳಿಕೊಳ್ಳಲಿ.

ಅಚ್ಚು ಮಾಡಿಕೊಳ್ಳುವುದು

ಇಡೀ ಕೆಲಸದ ಜೀವಾಳ ಇಲ್ಲಿದೆ, ಅವಸರ ಬೇಡ. ಇಟ್ಟಿಗೆಗೆ ಅಚ್ಚು ಇದ್ದ ಹಾಗೆ ಸರ್ವರ್‌ಗೂ ಒಂದು ಅಚ್ಚು ಬೇಕು. ಪ್ರಾಕ್ಸ್‌ಮಾಕ್ಸ್ ಅದನ್ನು ಟೆಂಪ್ಲೇಟ್ ಎನ್ನುತ್ತದೆ. ಐಎಸ್‌ಒ ಹಾಕಿ ಡೆಬಿಯನ್‌ನ ಪ್ರಶ್ನೆಗಳಿಗೆಲ್ಲ ಪ್ರತಿ ಸಲವೂ ಉತ್ತರಿಸುತ್ತ ಕೂರುವ ಬದಲು, ಡೆಬಿಯನ್ನಿನವರೇ ಸಿದ್ಧಮಾಡಿ ಇಟ್ಟಿರುವ ಕ್ಲೌಡ್ ಇಮೇಜನ್ನು ಬಳಸುತ್ತೇವೆ. ಅದರೊಳಗೆ ಕ್ಲೌಡ್-ಇನಿಟ್ ಇರುತ್ತದೆ. ಮೊದಲ ಸಲ ಬೂಟ್ ಆದಾಗ ಹೆಸರು, ಐಪಿ, ಬಳಕೆದಾರ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಕೀಲಿ ಇವನ್ನೆಲ್ಲ ಓದಿಕೊಂಡು ತನ್ನನ್ನು ತಾನು ಹೊಂದಿಸಿಕೊಳ್ಳುವುದು ಅದರ ಕೆಲಸ.

ಡೆಬಿಯನ್ 13ರ ಇಮೇಜುಗಳಲ್ಲಿ ಜೆನೆರಿಕ್ ಎಂದಿರುವ ಕ್ಯೂಕೌ2 ಎಂಬ ಡಿಸ್ಕ್ ಇಮೇಜ್ ಫೈಲನ್ನು ಪ್ರಾಕ್ಸ್‌ಮಾಕ್ಸ್ ಯಂತ್ರಕ್ಕೇ ಇಳಿಸಿಕೊಳ್ಳಿ. ಪಕ್ಕದಲ್ಲೇ ಜೆನೆರಿಕ್‌ಕ್ಲೌಡ್ ಎಂಬುದೂ ಇದೆ. ಅದರಲ್ಲಿ ಡ್ರೈವರ್‌ಗಳು ಕಡಿಮೆ, ಸುಮ್ಮನೆ ತಲೆನೋವು.

1. ಕ್ರಿಯೇಟ್ ವಿಎಂ ಒತ್ತಿ, ಸಂಖ್ಯೆ 9000 ಕೊಡಿ. ವಿಎಂ ಸಂಖ್ಯೆಗಳು 100ರಿಂದ ಶುರುವಾಗುತ್ತವೆ. ಅಚ್ಚುಗಳನ್ನು ದೂರದ ಸಂಖ್ಯೆಯಲ್ಲಿಟ್ಟರೆ ಗೊಂದಲವಿಲ್ಲ. ಐಎಸ್‌ಒ ಬೇಡ ಎನ್ನಿ. ಸಿಸ್ಟಂ ಪುಟದಲ್ಲಿ ವರ್ಟ್‌ಐಒ ಸ್ಕಸಿ ಸಿಂಗಲ್ ಇರಲಿ, ಕ್ಯೂಎಂಯು ಏಜೆಂಟ್‌ಗೆ (ವಿಎಂ ಒಳಗಿದ್ದು ಪ್ರಾಕ್ಸ್‌ಮಾಕ್ಸ್ ಜೊತೆ ಮಾತಾಡುವ ತಂತ್ರಾಂಶ) ಗುರುತು ಹಾಕಿ. ಕೊಟ್ಟ ಡಿಸ್ಕನ್ನು ಅಳಿಸಿಬಿಡಿ. ಸಿಪಿಯು ಬಗೆ ಹೋಸ್ಟ್, ಮೆಮೊರಿ 1024, ನೆಟ್‌ವರ್ಕ್ ವಿಎಂಬಿಆರ್0.

2. ನೋಡ್‌ನ, ಅಂದರೆ ಪ್ರಾಕ್ಸ್‌ಮಾಕ್ಸ್ ಯಂತ್ರದ ಶೆಲ್‌ನಲ್ಲಿ ‘ಕ್ಯೂಎಂ ಡಿಸ್ಕ್ ಇಂಪೋರ್ಟ್ 9000’ ಎಂದು ಬರೆದು, ಮುಂದೆ ಇಮೇಜ್ ಫೈಲಿನ ಹೆಸರು, ಅದರ ಮುಂದೆ ‘ಲೋಕಲ್-ಎಲ್‌ವಿಎಂ’ (ವಿಎಂ ಡಿಸ್ಕುಗಳನ್ನು ಇಡುವ ಜಾಗ) ಕೊಡಿ.

3. ಹಾರ್ಡ್‌ವೇರ್ ಪುಟದಲ್ಲಿ ‘ಅನ್‌ಯೂಸ್ಡ್ ಡಿಸ್ಕ್’ ಎಂದು ಕಾಣುವುದನ್ನು ಎರಡು ಸಲ ಕ್ಲಿಕ್ ಮಾಡಿ, ಡಿಸ್ಕಾರ್ಡ್‌ಗೆ ಗುರುತು ಹಾಕಿ, ಸ್ಕಸಿ ಎಂದೇ ಸೇರಿಸಿ. ಡಿಸ್ಕಾರ್ಡ್ ಇಲ್ಲದಿದ್ದರೆ ವಿಎಂ ಒಳಗೆ ಅಳಿಸಿದ ಜಾಗ ಹೊರಗೆ ಮರಳಿ ಸಿಗುವುದಿಲ್ಲ.

4. ಕ್ಲೌಡ್‌ಇನಿಟ್ ಡ್ರೈವ್ ಒಂದನ್ನೂ ಸೀರಿಯಲ್ ಪೋರ್ಟ್ ಒಂದನ್ನೂ ಸೇರಿಸಿ. ಆಪ್ಷನ್ಸ್‌ನಲ್ಲಿ ಬೂಟ್ ಆರ್ಡರ್ ತೆರೆದು ಸ್ಕಸಿ0ಯನ್ನು ಮೇಲಕ್ಕೆ ತನ್ನಿ. ಇದನ್ನು ಮರೆತರೆ ವಿಎಂ ಏಳುವುದೇ ಇಲ್ಲ, ಕಾರಣವೂ ಹೊಳೆಯುವುದಿಲ್ಲ.

5. ಡಿಸ್ಕಿನ ಗಾತ್ರ ಹೆಚ್ಚಿಸಿ. 20 ಜಿಬಿ ಸೇರಿಸಿದರೆ ಸಾಕು. ಒಳಗಿನ ಪಾರ್ಟಿಷನ್ ಮೊದಲ ಬೂಟಿನಲ್ಲಿ ತಾನೇ ಹಿಗ್ಗುತ್ತದೆ.

6. ಕ್ಲೌಡ್-ಇನಿಟ್ ಪುಟದಲ್ಲಿ ಬಳಕೆದಾರನ ಹೆಸರನ್ನೂ ನಿಮ್ಮ ಎಸ್‌ಎಸ್‌ಎಚ್ ಸಾರ್ವಜನಿಕ ಕೀಲಿಯನ್ನೂ ಹಾಕಿ. ಪಾಸ್‌ವರ್ಡ್ ಖಾಲಿ ಇರಲಿ.

ಈಗ ಕೈ ಬಿಗಿ ಹಿಡಿಯಿರಿ. ಸ್ಟಾರ್ಟ್ ಒತ್ತಬೇಡಿ. ನೇರವಾಗಿ ‘ಕನ್ವರ್ಟ್ ಟು ಟೆಂಪ್ಲೇಟ್’ ಒತ್ತಿ. ಒಮ್ಮೆ ಬೂಟ್ ಮಾಡಿ ನೋಡಿಬಿಡೋಣ ಎಂಬ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಬೂಟ್ ಆದೊಡನೆ ಯಂತ್ರದ ಗುರುತಿನ ಸಂಖ್ಯೆಯೊಂದು ಇಟಿಸಿ ಫೋಲ್ಡರಿನ ಮಷೀನ್-ಐಡಿ ಫೈಲಿನಲ್ಲಿ ಬರೆದುಹೋಗುತ್ತದೆ. ಆಮೇಲೆ ಆ ಅಚ್ಚಿನಿಂದ ಬಂದ ಎಲ್ಲ ವಿಎಂಗಳಿಗೂ ಅದೇ ಗುರುತು. ಕೆಲವು ವ್ಯವಸ್ಥೆಗಳಲ್ಲಿ ರೂಟರ್ ಬಳಿ ಐಪಿ ಕೇಳುವಾಗಲೂ ಅದೇ ಗುರುತು ಹೋಗಿ, ಮೂರು ವಿಎಂಗಳು ಒಂದೇ ವಿಳಾಸಕ್ಕೆ ಕಿತ್ತಾಡುತ್ತವೆ. ತಪ್ಪಿ ಬೂಟ್ ಮಾಡಿದ್ದರೆ ‘ಕ್ಲೌಡ್-ಇನಿಟ್ ಕ್ಲೀನ್’ ಆದೇಶ ಕೊಟ್ಟು, ಮಷೀನ್-ಐಡಿ ಫೈಲನ್ನು ಖಾಲಿ ಮಾಡಿ. ಖಾಲಿ ಮಾಡಬೇಕು, ಅಳಿಸಬಾರದು.

ಅಚ್ಚಿನಿಂದ ಮೂರು ಸರ್ವರ್

ಅಚ್ಚಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಕ್ಲೋನ್ ಆರಿಸಿ. ಲಿಂಕ್ಡ್ ಎಂದರೆ ಜಾಗ ಉಳಿತಾಯ, ಆದರೆ ಆ ವಿಎಂ ಅಚ್ಚಿಗೆ ಅಂಟಿಕೊಂಡೇ ಇರುತ್ತದೆ, ಅಚ್ಚನ್ನು ಅಳಿಸಲಾಗದು. ಫುಲ್ ಎಂದರೆ ಸ್ವತಂತ್ರ ಪ್ರತಿ. ಬಾಳಿಕೆ ಬರಬೇಕಾದದ್ದಕ್ಕೆಲ್ಲ ನಾನು ಫುಲ್ ಆರಿಸುತ್ತೇನೆ. ಒಂದು ಮಧ್ಯಾಹ್ನದ ಪ್ರಯೋಗಕ್ಕೆ ಲಿಂಕ್ಡ್ ಸಾಕು.

ಬಾಗಿಲಿಗೆ 1 ಜಿಬಿ, ಅಂಗಳಕ್ಕೆ 8, ಕಣಜಕ್ಕೆ 4 ಜಿಬಿ ಮೆಮೊರಿ ಕೊಡಿ. ಮೂರಕ್ಕೂ ಕ್ಲೌಡ್-ಇನಿಟ್ ಪುಟದಲ್ಲಿ ಸ್ಥಿರ ಐಪಿ ಬರೆಯಿರಿ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಕಾದರೆ ಎಸ್‌ಎಸ್‌ಎಚ್ ಮೂಲಕ ಒಳಹೋಗಬಹುದು. ಮೊದಲ ಕೆಲಸವಾಗಿ ಮೂರರಲ್ಲೂ ಕ್ಯೂಎಂಯು ಗೆಸ್ಟ್ ಏಜೆಂಟ್ ಹಾಕಿ, ಒಮ್ಮೆ ಪೂರ್ತಿ ನಿಲ್ಲಿಸಿ ಶುರುಮಾಡಿ. ಏಜೆಂಟ್‌ಗೆ ಗುರುತು ಹಾಕಿಟ್ಟು ಒಳಗೆ ಅದನ್ನು ಹಾಕದೆ ಬಿಟ್ಟರೆ, ಶಟ್‌ಡೌನ್ ಒತ್ತಿದಾಗ ಪ್ರಾಕ್ಸ್‌ಮಾಕ್ಸ್ ಬಾರದ ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ.

ಕಣಜಕ್ಕೆ ಮಾತ್ರ ಇನ್ನೊಂದು ಡಿಸ್ಕ್ ಸೇರಿಸಿ, 50 ಜಿಬಿ ಇರಲಿ. ಅದು ಸ್ಕಸಿ1 ಆಗಿ ಬರುತ್ತದೆ. ಒಳಗೆ ಹೋಗಿ ಅದಕ್ಕೆ ಇಎಕ್ಸ್‌ಟಿ4 ಹಾಕಿ, ಯುಯುಐಡಿ (ಡಿಸ್ಕಿನ ಗುರುತು) ಕೊಟ್ಟು ಎಸ್‌ಆರ್‌ವಿ ಫೋಲ್ಡರಿಗೆ ಮೌಂಟ್ ಮಾಡಿ, ಅಂದರೆ ಜೋಡಿಸಿ. ಡೇಟಾಬೇಸಿನ ಒಂದೊಂದು ಬೈಟೂ ಈ ಎರಡನೇ ಡಿಸ್ಕಿನಲ್ಲೇ ಇರಬೇಕು. ಮೊದಲನೆಯದರಲ್ಲಿ ಡೆಬಿಯನ್, ಡಾಕರ್ ಬಿಟ್ಟರೆ ಮತ್ತೇನೂ ಬೇಡ.

ಕಣಜ ತುಂಬುವುದು

ಡಾಕರ್ ಹಾಕಿ, ಕಂಪೋಸ್ ಫೈಲಿನಲ್ಲಿ (ಯಾವ ಕಂಟೇನರ್ ಹೇಗೆ ಓಡಬೇಕೆಂಬ ಪಟ್ಟಿ) ಪೋಸ್ಟ್‌ಗ್ರೆಸ್ ಬರೆಯಿರಿ. ಡಾಕರ್ ಇಮೇಜಿನ (ಕಂಟೇನರಿಗೆ ಅಚ್ಚಾಗುವ ಕಟ್ಟು) ಟ್ಯಾಗ್ ‘ಲೇಟೆಸ್ಟ್’ ಎಂದಿರಬಾರದು, 17 ಎಂದು ಸಂಖ್ಯೆಯನ್ನೇ ಬರೆಯಿರಿ. ಪೋಸ್ಟ್‌ಗ್ರೆಸ್‌ನ ಒಂದು ಮುಖ್ಯ ಆವೃತ್ತಿಯ ದತ್ತಾಂಶವನ್ನು ಮುಂದಿನ ಆವೃತ್ತಿ ನೇರವಾಗಿ ಓದುವುದಿಲ್ಲ. ಲೇಟೆಸ್ಟ್ ಎಂದಿಟ್ಟರೆ ಒಂದು ದಿನ ಟ್ಯಾಗ್ ತಾನಾಗಿ ಮುಂದೆ ಜಾರಿ, ಕಂಟೇನರ್ ಏಳಲು ಒಪ್ಪುವುದಿಲ್ಲ. ಆವೃತ್ತಿ ಬದಲಿಸುವಾಗ ಮೊದಲು ಹಳೆಯದರಿಂದ ಡಂಪ್ (ದತ್ತಾಂಶದ ಪ್ರತಿಯಿರುವ ಫೈಲು) ತೆಗೆದು ಹೊಸದಕ್ಕೆ ಹೊಯ್ಯಬೇಕು.

ಇನ್ನೊಂದು ಬಲೆಗೆ ನಾನೇ ಬಿದ್ದಿದ್ದೇನೆ. ಒಂದು ಬೆಳಿಗ್ಗೆ ಕಣಜ ರೀಸ್ಟಾರ್ಟ್ ಆದ ಮೇಲೆ ಪುಸ್ತಕಪಟ್ಟಿಯಲ್ಲಿ ಒಂದೂ ಪುಸ್ತಕವಿರಲಿಲ್ಲ. ಎದೆ ಧಸಕ್ಕೆಂದಿತು. ಆದದ್ದಿಷ್ಟು: ಎರಡನೇ ಡಿಸ್ಕ್ ಮೌಂಟ್ ಆಗದಿದ್ದರೂ ಬೂಟ್ ಮುಂದುವರಿಯಲಿ ಎಂದು ನಾನೇ ಎಫ್‌ಸ್ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ) ‘ನೋಫೇಲ್’ ಬರೆದಿದ್ದೆ. ಅಂದು ಡಿಸ್ಕ್ ಮೌಂಟ್ ಆಗಲಿಲ್ಲ. ಡಾಕರ್ ಬಂದು ನೋಡಿತು, ಫೋಲ್ಡರ್ ಇಲ್ಲ, ತಾನೇ ಒಂದು ಖಾಲಿ ಫೋಲ್ಡರ್ ಮಾಡಿತು. ಪೋಸ್ಟ್‌ಗ್ರೆಸ್ ಬಂದು ನೋಡಿತು, ಫೋಲ್ಡರ್ ಖಾಲಿ, ಹೊಸ ಡೇಟಾಬೇಸ್ ಶುರುಮಾಡಿತು. ಎಲ್ಲರೂ ತಂತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಡಿಸ್ಕನ್ನು ಮತ್ತೆ ಮೌಂಟ್ ಮಾಡಿದಾಗ ದತ್ತಾಂಶವೆಲ್ಲ ಹಾಗೇ ಇತ್ತು. ಈಗ ಎರಡು ಕಡೆ ತಡೆ ಹಾಕಿದ್ದೇನೆ. ಎಫ್‌ಸ್ಟ್ಯಾಬ್‌ನಲ್ಲಿ ನೋಫೇಲ್ ಇಲ್ಲ. ಕಂಪೋಸ್‌ನಲ್ಲಿ ಮೌಂಟನ್ನು ಉದ್ದನೆಯ ರೂಪದಲ್ಲಿ ಬರೆದು ‘ಕ್ರಿಯೇಟ್ ಹೋಸ್ಟ್ ಪಾತ್’ ಎಂಬುದಕ್ಕೆ ಫಾಲ್ಸ್ ಕೊಟ್ಟಿದ್ದೇನೆ. ಫೋಲ್ಡರ್ ಇಲ್ಲದಿದ್ದರೆ ಕಂಟೇನರ್ ಏಳುವುದೇ ಇಲ್ಲ.

ಕನ್ನಡದ ಪಟ್ಟಿ ಇಡುವವರು ಡೇಟಾಬೇಸ್ ಹುಟ್ಟಿಸುವಾಗಲೇ ಅಕಾರಾದಿಯ ವಿಚಾರ ಮಾಡಬೇಕು. ಯೂನಿಕೋಡ್ ಸಂಖ್ಯೆಯ ಪ್ರಕಾರ ವಿಂಗಡಿಸಿದರೆ ‘ಳ’ ಅಕ್ಷರ ‘ಲ’ ಮತ್ತು ‘ವ’ಗಳ ನಡುವೆ ಬಂದು ಕೂರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದಿರುವುದು ‘ಹ’ದ ಆಚೆ. ಹಾಗಾಗಿ ‘ಕವಿ’ಗಿಂತ ಮೊದಲು ‘ಕಳೆ’ ಬರುತ್ತದೆ, ಗ್ರಂಥಪಾಲಕರು ಹುಬ್ಬೇರಿಸುತ್ತಾರೆ. ಮೊದಲ ಸಲ ಶುರುಮಾಡುವಾಗಲೇ ಎನ್‌ಕೋಡಿಂಗ್ ಯುಟಿಎಫ್-8, ವಿಂಗಡಣೆಗೆ ಐಸಿಯು (ಭಾಷೆಗಳ ಅಕಾರಾದಿ ತಿಳಿದ ಲೈಬ್ರರಿ), ಅದರ ಭಾಷೆ ಕನ್ನಡ ಎಂದು ಕೊಟ್ಟು, ಹತ್ತಿಪ್ಪತ್ತು ಪದ ಹಾಕಿ ಕ್ರಮ ಸರಿಯಿದೆಯೇ ನೋಡಿಕೊಳ್ಳಿ. ಸಾವಿರಾರು ದಾಖಲೆ ಸೇರಿದ ಮೇಲೆ ಬದಲಿಸುವುದು ರೇಜಿಗೆಯ ಕೆಲಸ.

ಅಂಗಳ ಮತ್ತು ಬಾಗಿಲು

ಅಂಗಳದಲ್ಲಿ ಪ್ರತಿ ಅಪ್ಲಿಕೇಶನ್ನಿಗೂ ಒಂದು ಫೋಲ್ಡರ್, ಒಂದು ಕಂಪೋಸ್ ಫೈಲು. ಪಾಸ್‌ವರ್ಡುಗಳು ಬೇರೆ ಫೈಲಿನಲ್ಲಿರಲಿ. ಕನ್ನಡದಲ್ಲಿ ಬಿಲ್ಲು, ವರದಿ ಪಿಡಿಎಫ್ ಆಗಿ ಬರಬೇಕಿದ್ದರೆ ಇಮೇಜಿನೊಳಗೆ ನೋಟೋ ಅಥವಾ ಲೋಹಿತ್ ಕನ್ನಡ ಫಾಂಟ್ ಸೇರಿಸಿ ನಿಮ್ಮದೇ ಇಮೇಜ್ ಕಟ್ಟಿಕೊಳ್ಳಿ. ಸಿದ್ಧ ಇಮೇಜುಗಳಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ, ಅಕ್ಷರದ ಜಾಗದಲ್ಲಿ ಚೌಕಗಳು ಬರುತ್ತವೆ. ಚೌಕ ಹೋದ ಮೇಲೂ ಒತ್ತಕ್ಷರ ಒಡೆದು ಬಂದರೆ ತಪ್ಪು ಫಾಂಟಿನದಲ್ಲ, ಪಿಡಿಎಫ್ ಮಾಡುವ ಲೈಬ್ರರಿಯದು.

ಅಂಗಳದೊಳಗೆ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಹಾಕಿ ನಿಶ್ಚಿಂತರಾಗಬೇಡಿ. ಡಾಕರ್ ತೆರೆದ ಪೋರ್ಟುಗಳು ಅದರ ಕಣ್ಣು ತಪ್ಪಿಸಿ ಹೊರಗೆ ಕಾಣುತ್ತವೆ. ಆದ್ದರಿಂದ ಫೈರ್‌ವಾಲನ್ನು ವಿಎಂನ ಹೊರಗೆ, ಪ್ರಾಕ್ಸ್‌ಮಾಕ್ಸ್‌ನಲ್ಲೇ ಕಟ್ಟಿ. ಅದನ್ನು ಡಾಕರ್ ಮುಟ್ಟಲಾರದು. ಡೇಟಾಸೆಂಟರ್ ಮಟ್ಟದಲ್ಲಿ, ವಿಎಂ ಮಟ್ಟದಲ್ಲಿ, ವಿಎಂನ ನೆಟ್‌ವರ್ಕ್ ಕಾರ್ಡಿನಲ್ಲಿ, ಹೀಗೆ ಮೂರೂ ಕಡೆ ಆನ್ ಆಗಿರಬೇಕು. ಇನ್ನು ಆ ಕಾಗದ ತೆಗೆದು ನಿಯಮ ಬರೆಯುವುದಷ್ಟೇ: ಬಾಗಿಲಿಗೆ 80 ಮತ್ತು 443 ಎಲ್ಲರಿಂದ, ಅಂಗಳಕ್ಕೆ ಬಾಗಿಲಿನಿಂದ ಮಾತ್ರ, ಕಣಜದ 5432ಕ್ಕೆ ಅಂಗಳದಿಂದ ಮಾತ್ರ. ಮೂರಕ್ಕೂ 22 ನಿಮ್ಮ ಕಂಪ್ಯೂಟರಿನಿಂದ ಮಾತ್ರ. 8006ನ್ನು ಎಂದೂ ಹೊರಜಗತ್ತಿಗೆ ತೆರೆಯಬೇಡಿ.

ಬಾಗಿಲಿನಲ್ಲಿ ಕ್ಯಾಡಿಗೆ ಬೇಕಾದ್ದು ಪ್ರತಿ ಡೊಮೈನಿಗೆ ಮೂರು ಸಾಲು: ಡೊಮೈನ್ ಹೆಸರು, ‘ರಿವರ್ಸ್ ಪ್ರಾಕ್ಸಿ’ ಎಂದು ಬರೆದು ಅಂಗಳದ ಐಪಿ ಮತ್ತು ಪೋರ್ಟು, ಆವರಣ ಚಿಹ್ನೆ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪ್ರಮಾಣಪತ್ರ ತರುವುದನ್ನೂ ಕಾಲಕಾಲಕ್ಕೆ ನವೀಕರಿಸುವುದನ್ನೂ ಅದೇ ನೋಡಿಕೊಳ್ಳುತ್ತದೆ.

ಇಲ್ಲಿ ನಮ್ಮ ಕಡೆ ಒಂದು ತೊಡಕಿದೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಯಾರೂ ಬರಲಾಗದಿದ್ದರೆ, ರೂಟರಿನ ಹೊರಮುಖದ ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮ್ಮ ಬ್ರಾಡ್‌ಬ್ಯಾಂಡ್ ಕಂಪನಿ ಹಲವು ಮನೆಗಳನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಕೂರಿಸಿದೆ ಎಂದರ್ಥ. ಸ್ಥಿರ ಐಪಿಗೆ ಹಣ ಕಟ್ಟಬಹುದು. ಇಲ್ಲವೇ ಎಲ್ಲಾದರೂ ಒಂದು ಸಣ್ಣ ವಿಪಿಎಸ್ (ಕಂಪನಿಗಳು ಕೊಡುವ ವರ್ಚುವಲ್ ಸರ್ವರ್) ಬಾಡಿಗೆಗೆ ಹಿಡಿದು, ಬಾಗಿಲನ್ನೇ ಅಲ್ಲಿಗೆ ಸಾಗಿಸಿ, ಅಂಗಳದಿಂದ ಅಲ್ಲಿಗೆ ವೈರ್‌ಗಾರ್ಡ್ (ಗುಪ್ತ ಸಂಪರ್ಕದ ತಂತ್ರಾಂಶ) ಸುರಂಗ ಹಾಕಬಹುದು. ಶಿರಸಿಯಲ್ಲಿ ನಾವು ಮಾಡಿದ್ದು ಇದನ್ನೇ. ಬಾಗಿಲು ಪ್ರತ್ಯೇಕವಾಗಿದ್ದುದರಿಂದ ಕಣಜಕ್ಕೆ ಅದರ ಸುದ್ದಿಯೂ ತಿಳಿಯಲಿಲ್ಲ.

ಕೈಯಿಂದ ಮಾಡಿದ್ದನ್ನೆಲ್ಲ ಬರೆದಿಡುವುದು

ಇಲ್ಲಿಯವರೆಗೆ ವಿಎಂಗಳ ಒಳಗೆ ಮಾಡಿದ ಕೆಲಸವನ್ನೆಲ್ಲ ಈಗ ಆನ್ಸಿಬಲ್ ಪ್ಲೇಬುಕ್ ಆಗಿ ಬರೆಯಿರಿ. ಇದು ನಿಮ್ಮ ಲ್ಯಾಪ್‌ಟಾಪಿನಲ್ಲಿದ್ದುಕೊಂಡು ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುತ್ತದೆ, ಸರ್ವರಿನಲ್ಲಿ ಪೈಥಾನ್ ಇದ್ದರೆ ಸಾಕು. ‘ಡಾಕರ್ ಇರಬೇಕು’, ‘ಏಜೆಂಟ್ ಓಡುತ್ತಿರಬೇಕು’, ‘ಸಮಯ ಏಷ್ಯಾ-ಕೋಲ್ಕತ್ತ ಇರಬೇಕು’ ಎಂದು ಸ್ಥಿತಿಯನ್ನು ಬರೆಯುತ್ತೀರಿ. ಈಗಾಗಲೇ ಹಾಗಿದ್ದರೆ ಅದು ಏನನ್ನೂ ಮುಟ್ಟುವುದಿಲ್ಲ. ಬರೆದದ್ದನ್ನು, ಬದಲಾವಣೆಗಳ ಚರಿತ್ರೆ ಉಳಿಸುವ ಗಿಟ್‌ನಲ್ಲಿಡಿ. ಇನ್ನು ಮೇಲೆ ಸರ್ವರಿಗೆ ಲಾಗಿನ್ ಆಗಿ ಫೈಲು ತಿದ್ದುವುದು ನಿಷಿದ್ಧ. ಮಧ್ಯರಾತ್ರಿ ತುರ್ತಿಗೆ ತಿದ್ದಿದ್ದರೆ ಮರುದಿನ ಬೆಳಿಗ್ಗೆ ಕಾಫಿಗೆ ಮುಂಚೆ ಅದನ್ನು ಪ್ಲೇಬುಕ್‌ಗೆ ಸೇರಿಸಿ. ಈ ನಿಯಮವನ್ನು ನಾನು ಮುರಿದಾಗಲೆಲ್ಲ ಎರಡು ತಿಂಗಳ ನಂತರ ದಂಡ ಕಟ್ಟಿದ್ದೇನೆ.

ಭದ್ರತಾ ಅಪ್‌ಡೇಟ್‌ಗಳಿಗೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಪ್ಯಾಕೇಜ್ ಹಾಕಿಬಿಡಿ. ಡಾಕರ್ ಇಮೇಜುಗಳನ್ನು ಮಾತ್ರ ತಿಂಗಳಿಗೊಮ್ಮೆ ನೀವೇ, ಬಿಡುಗಡೆಯ ಟಿಪ್ಪಣಿ ಓದಿಕೊಂಡು ಬದಲಿಸಿ.

ಬ್ಯಾಕಪ್ಪು, ಕರೆಂಟು

ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡಿಸ್ಕಿನ ಸ್ಥಿತಿಯನ್ನು ಹಿಡಿದಿಡುವುದು, ಬ್ಯಾಕಪ್ ಅಲ್ಲ. ಅದು ಅದೇ ಡಿಸ್ಕಿನಲ್ಲಿರುತ್ತದೆ, ಡಿಸ್ಕ್ ಹೋದರೆ ಜೊತೆಗೇ ಹೋಗುತ್ತದೆ. ಅಪ್‌ಡೇಟಿಗೆ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದು, ಎಲ್ಲ ಸರಿಯಿದ್ದರೆ ಸಂಜೆಯೊಳಗೆ ಅಳಿಸಿ. ಉಳಿಸಿಕೊಂಡರೆ ಬೆಳೆಯುತ್ತ ಹೋಗಿ ಎಲ್‌ವಿಎಂ ತುಂಬಿಸುತ್ತದೆ. ಅದು ತುಂಬಿದರೆ ಒಂದಲ್ಲ, ಎಲ್ಲ ವಿಎಂಗಳೂ ಬರೆಯಲಾಗದೆ ನಿಲ್ಲುತ್ತವೆ.

ಡೇಟಾಸೆಂಟರ್ ಕೆಳಗಿನ ಬ್ಯಾಕಪ್ ಪುಟದಲ್ಲಿ ರಾತ್ರಿ 1:30ಕ್ಕೆ ಒಂದು ಕೆಲಸ ನಿಗದಿ ಮಾಡಿ. ಗುರಿ ಎರಡನೇ ಹಾರ್ಡ್ ಡಿಸ್ಕ್, ಬಗೆ ಸ್ನ್ಯಾಪ್‌ಶಾಟ್, ಸಂಕೋಚನ ಝಡ್‌ಸ್ಟ್ಯಾಂಡರ್ಡ್. ಹೆಸರು ಒಂದೇ ಆದರೂ ಈ ಸ್ನ್ಯಾಪ್‌ಶಾಟ್ ಬೇರೆ. ವಿಎಂ ನಿಲ್ಲಿಸದೆ ಪೂರ್ತಿ ಪ್ರತಿ ತೆಗೆಯುತ್ತದೆ. ದಿನದ್ದು 7, ವಾರದ್ದು 4, ತಿಂಗಳದ್ದು 6 ಉಳಿಸಿಕೊಳ್ಳಿ. ಇದಲ್ಲದೆ ಕಣಜದೊಳಗೆ ಪ್ರತಿ ರಾತ್ರಿ ‘ಪಿಜಿ ಡಂಪ್’ ಓಡಲಿ. ಯಾರೋ ಒಂದು ಪಟ್ಟಿಯನ್ನು ತಪ್ಪಾಗಿ ಅಳಿಸಿದಾಗ ಇಡೀ ವಿಎಂ ಮರಳಿ ತರುವುದಕ್ಕಿಂತ ಡಂಪ್‌ನಿಂದ ಆ ಒಂದನ್ನೇ ತೆಗೆಯುವುದು ಸಲೀಸು. ಡಂಪಿನ ಒಂದು ಪ್ರತಿ ಬೇರೆ ಊರಿನಲ್ಲಿರಲಿ. ನಮ್ಮದು ಹುಬ್ಬಳ್ಳಿಯ ನೆಂಟರ ಮನೆಯಲ್ಲಿದೆ.

ಕರೆಂಟಿನ ಮಾತು. ಯುಪಿಎಸ್ಸಿನಿಂದ ಯುಎಸ್‌ಬಿ ಕೇಬಲ್ ಎಳೆದು ಪ್ರಾಕ್ಸ್‌ಮಾಕ್ಸ್‌ನಲ್ಲಿ ನಟ್ ಎಂಬ ಪ್ಯಾಕೇಜ್ ಹಾಕಿದರೆ, ಬ್ಯಾಟರಿ ಮುಗಿಯುವ ಮೊದಲು ವಿಎಂಗಳು ಸಾವಧಾನವಾಗಿ ಮಲಗುತ್ತವೆ. ಏಳುವ ಕ್ರಮವನ್ನು ಪ್ರತಿ ವಿಎಂನ ಆಪ್ಷನ್ಸ್‌ನಲ್ಲಿ ಬರೆಯಬೇಕು: ಕಣಜಕ್ಕೆ 1 ಮತ್ತು 30 ಸೆಕೆಂಡಿನ ಬಿಡುವು, ಅಂಗಳಕ್ಕೆ 2, ಬಾಗಿಲಿಗೆ 3. ಮಲಗುವಾಗ ಇದೇ ಕ್ರಮ ತಿರುವುಮುರುವಾಗುತ್ತದೆ. ಎರಡನೇ ಯಂತ್ರ ತಂದು ಕ್ಲಸ್ಟರ್ ಮಾಡುವ ಯೋಚನೆಯಿದ್ದರೆ ಸದ್ಯಕ್ಕೆ ಬಿಡಿ. ಎರಡರಲ್ಲಿ ಒಂದು ಮಲಗಿದರೆ ಉಳಿದದ್ದಕ್ಕೆ ಬಹುಮತವಿಲ್ಲದೆ ಹೊಸ ವಿಎಂ ಶುರುಮಾಡಲೂ ಬರುವುದಿಲ್ಲ. ಅದಕ್ಕೆ ಮೂರನೆಯ ಮತ ಬೇಕೇ ಬೇಕು.

ಎಸೆದು ನೋಡುವುದು

ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಎರಡು ಪರೀಕ್ಷೆ ಮಾಡುತ್ತೇವೆ. ಮೊದಲನೆಯದು ಬ್ಯಾಕಪ್ಪಿನದು. ಕಣಜದ ಬ್ಯಾಕಪ್ಪನ್ನು ಹೊಸ ಸಂಖ್ಯೆಗೆ ರಿಸ್ಟೋರ್ ಮಾಡಿ. ‘ಯುನೀಕ್’ ಎಂಬುದಕ್ಕೆ ಗುರುತಿರಲಿ, ಸ್ಟಾರ್ಟ್ ಮಾಡುವ ಮೊದಲು ನೆಟ್‌ವರ್ಕ್ ಕಾರ್ಡಿಗೆ ‘ಡಿಸ್ಕನೆಕ್ಟ್’ ಕೊಡಿ. ಇಲ್ಲದಿದ್ದರೆ ಒಂದೇ ಐಪಿಯ ಇಬ್ಬರು ಕಣಜಗಳು ಎದುರುಬದುರಾಗುತ್ತವೆ. ಕನ್ಸೋಲ್‌ನಲ್ಲೇ ಒಳಹೋಗಿ ನೋಡಬೇಕು. ಪಾಸ್‌ವರ್ಡ್ ಇಟ್ಟಿಲ್ಲವಲ್ಲ, ಈ ಪ್ರತಿಗೆ ಮಾತ್ರ ಕ್ಲೌಡ್-ಇನಿಟ್ ಪುಟದಲ್ಲಿ ತಾತ್ಕಾಲಿಕವಾಗಿ ಒಂದನ್ನು ಕೊಡಿ. ನಿನ್ನೆ ಸೇರಿಸಿದ ಪುಸ್ತಕ ಕಂಡರೆ ಅಳಿಸಿಬಿಡಿ.

ಎರಡನೆಯದು ಯಂತ್ರದ್ದು. ಹಿಂದಿನ ರಾತ್ರಿಯ ಬ್ಯಾಕಪ್ ಆಗಿದೆ ಎಂದು ಖಚಿತಪಡಿಸಿಕೊಂಡು ನಿಜವಾದ ಕಣಜವನ್ನೇ ನಿಲ್ಲಿಸಿ, ದತ್ತಾಂಶದ ಡಿಸ್ಕನ್ನು ಡಿಟ್ಯಾಚ್ ಮಾಡಿ. ಅಚ್ಚಿನಿಂದ ಹೊಸ ಕ್ಲೋನ್ ತೆಗೆದು ಹಳೆಯ ಐಪಿಯನ್ನೇ ಕೊಡಿ. ಹಳೆಯ ವಿಎಂನ ಹಾರ್ಡ್‌ವೇರ್ ಪುಟದಲ್ಲಿ ಆ ಡಿಸ್ಕ್ ಆರಿಸಿ, ಡಿಸ್ಕ್ ಆಕ್ಷನ್‌ನಲ್ಲಿ ‘ರೀಅಸೈನ್ ಓನರ್’ ಒತ್ತಿ ಹೊಸದಕ್ಕೆ ದಾಟಿಸಿ. ಫೈರ್‌ವಾಲ್ ನಿಯಮಗಳನ್ನೂ ಏಳುವ ಕ್ರಮವನ್ನೂ ಹೊಸದಕ್ಕೆ ಬರೆಯಿರಿ, ಅವು ಅಚ್ಚಿನಲ್ಲಿಲ್ಲ. ಕಣಜದ ಪ್ಲೇಬುಕ್ ಓಡಿಸಿ. ಎಸ್‌ಎಸ್‌ಎಚ್ ‘ಯಂತ್ರದ ಗುರುತು ಬದಲಾಗಿದೆ’ ಎಂದು ಬೊಬ್ಬೆ ಹೊಡೆಯುತ್ತದೆ, ಹೌದು, ಬದಲಾಗಿದೆ. ಹಳೆಯ ಗುರುತನ್ನು ಅಳಿಸಿ ಮುಂದುವರಿಯಿರಿ. ಮೊದಲ ಸಲ ನಮಗೆ ಇದಕ್ಕೆ ಅರ್ಧ ದಿನ ಹಿಡಿಯಿತು, ಪ್ಲೇಬುಕ್‌ನಲ್ಲಿ ಬರೆಯದೆ ಬಿಟ್ಟ ಸಂಗತಿಗಳು ಅಷ್ಟಿದ್ದವು. ಕಳೆದ ಸಲ ಗೆಳೆಯನ ಮನೆಯಲ್ಲಿ ದೋಸೆ ಹುಯ್ಯುವಷ್ಟರಲ್ಲಿ ಮುಗಿದಿತ್ತು. ಹಳೆಯ ವಿಎಂ ಒಂದು ವಾರ ನಿಂತೇ ಇರಲಿ, ಸ್ಟಾರ್ಟ್ ಅಟ್ ಬೂಟ್ ಮಾತ್ರ ತೆಗೆದಿಡಿ. ಮುಂದಿನ ಭಾನುವಾರ ಅಳಿಸಿ.